ಮುದ್ದಿಯ ಎಡಗೈ

ಮಹದೇವಪ್ಪ ಮೇಷ್ಟ್ರು ಮುದ್ದಿಯ ನೋಟ್‌ಬುಕ್ಕನ್ನು ನೇರವಾಗಿ ಹಿಡಿದು ನೋಡಿದರು. ಆಮೇಲೆ ತಲೆಕೆಳಗು ಮಾಡಿ ನೋಡಿದರು. ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

"ಇದು ಕನ್ನಡವೇನಮ್ಮ?" ಎಂದರು. ಬಾಗಿಲ ಬಳಿ ನಿಂತಿದ್ದ ಮುದ್ದಿ ಹೌದೆಂದು ತಲೆಯಾಡಿಸಿದಳು.

ಹೆಡ್‌ಮಾಸ್ಟರಾದ ಅವರಿಗೆ ತಮ್ಮ ಅಕ್ಷರದ ಮೇಲೆ ಭಾರೀ ಹೆಮ್ಮೆ. ಸಿದ್ದಾಪುರದ ಸುತ್ತಮುತ್ತ ಎಲ್ಲೇ ಬಹುಮಾನ ಹಂಚಲಿ, ಸರ್ಟಿಫಿಕೇಟಿನ ಮೇಲೆ ಹೆಸರು ಬರೆಯಲು ಇವರೇ ಬೇಕು. ಅಂಥವರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ಹೀಗೆ ಗೀಚಿದರೆ ಮೈ ಉರಿಯದೆ ಇರುತ್ತದೆಯೇ?

"ನೋಡಿ ಮೇಡಂ, ನಾಳೆಯಿಂದ ಇವಳು ಚಿಕ್ಕವರ ಕೋಣೇಲಿ ಕೂತ್ಕೊಳ್ಳಲಿ. ತಮ್ಮನ ಪಕ್ಕ ಕೂತು ಅ, ಆ ಇಂದ ಶುರು ಮಾಡ್ಲಿ."

ಕ್ಲಾಸ್ ಟೀಚರ್ ಉಷಾರಾಣಿ ಬಾಯಿ ತೆರೆಯುವಷ್ಟರಲ್ಲಿ ಮುದ್ದಿಯ ಕಣ್ಣು ತುಂಬಿತ್ತು. ತಮ್ಮನಿಗೆ ಎರಡನೇ ಕ್ಲಾಸು. ಮನೆಯಲ್ಲಿ ಅವನಿಗೆ ಮಗ್ಗಿ ಹೇಳಿಕೊಡುವವಳೇ ಇವಳು. ಈಗ ಅವನ ಪಕ್ಕ ಹೋಗಿ ಕೂರುವುದಕ್ಕಿಂತ ಶಾಲೆ ಬಿಡುವುದೇ ವಾಸಿ ಎನ್ನಿಸಿತು ಅವಳಿಗೆ.

ಉಷಾರಾಣಿಯ ತಲೆ ಕೊರೆಯುತ್ತಿದ್ದುದೇ ಬೇರೆ. "ಸರ್, ಇವಳ ಹೋಂವರ್ಕ್ ನೋಡಿ. ಎಷ್ಟು ಚೆಂದ ಇದೆ."

"ಅದು ಅವರಮ್ಮ ಬರೆದುಕೊಟ್ಟಿರ್ತಾರೆ ಬಿಡಿ."

"ಅಮ್ಮಂಗೆ ಬರಿಯಕ್ಕೆ ಬರಲ್ಲ ಸಾರ್," ಎಂದಳು ಮುದ್ದಿ.

ಅದೇ ಹುಡುಗಿ, ಅದೇ ಪೆನ್ಸಿಲು. ಎಸ್ಟೇಟಿನ ಕೂಲಿಗಳ ಲೈನ್‌ಮನೆಯಲ್ಲಿ ನೆಟ್ಟಗಿದ್ದ ಅಕ್ಷರ ಶಾಲೆಗೆ ಬಂದರೆ ಯಾಕೆ ಹೀಗೆ ಸೊಟ್ಟಗಾಗಬೇಕು? ಉಷಾರಾಣಿ ಅವಳನ್ನು ಖಾಲಿ ತರಗತಿಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿ, "ನಿನ್ ಹೆಸರು ಬರಿ" ಎಂದರು. ಪಕ್ಕದಲ್ಲೇ ನಿಂತು ಬಲಗೈಯನ್ನು ನೋಡಿದರು. ಪೆನ್ಸಿಲ್ ಹಿಡಿದದ್ದು ಸರಿಯಾಗೇ ಇತ್ತು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಮುದ್ದಿಯ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಎಡಗೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮೇಲೆ ಡೆಸ್ಕಿನಲ್ಲಿ, ಒತ್ತಿ ಹಿಡಿಯುವವರಿಲ್ಲದ ನೋಟ್‌ಬುಕ್ ಪೆನ್ಸಿಲ್ ಹೋದ ಕಡೆ ತಾನೂ ಹೋಗುತ್ತಿತ್ತು.

"ಆ ಕೈ ಯಾಕೆ ಕೆಳಗಿದೆ ಪುಟ್ಟಿ?"

"ಬಿಟ್ರೆ ಜಾರ್ತೀನಿ ಟೀಚರ್."

"ಮನೇಲಿ?"

"ಮನೇಲಿ ನೆಲದ ಮೇಲೆ ಕೂರೋದಲ್ವಾ."

"ಇಷ್ಟು ದಿನ ಹೇಳ್ಬಾರ್ದಿತ್ತಾ?"

"ಎಲ್ರೂ ಹಿಡ್ಕೊಂಡೇ ಬರೀತಾರೆ ಅಂದ್ಕೊಂಡಿದ್ದೆ."

ಬೆಂಚುಗಳು ಏಳನೇ ಕ್ಲಾಸಿನವರ ಅಳತೆಗೆ ಮಾಡಿಸಿದಂಥವು. ಮುದ್ದಿಯೋ ತರಗತಿಗೆಲ್ಲ ಗಿಡ್ಡಿ. ಉಷಾರಾಣಿ ಬಿಸಿಯೂಟದ ಕೋಣೆಯಿಂದ ಎರಡು ಮಣೆ ತಂದು ಒಂದರ ಮೇಲೊಂದಿಟ್ಟು ಅವಳ ಕಾಲ ಕೆಳಗೆ ಸರಿಸಿದರು. ಸ್ವಲ್ಪ ಹೊತ್ತಿಗೆ ಎಡಗೈ ತಾನಾಗಿಯೇ ಮೇಲೆ ಬಂದು ನೋಟ್‌ಬುಕ್ಕಿನ ಮೇಲೆ ಕೂತಿತು.

ಅಕ್ಷರ ನೆಟ್ಟಗೆ ಬಂದಿದ್ದ ಆ ಹಾಳೆಯನ್ನು ನೋಡಿದರೂ ಮೇಷ್ಟ್ರು ಒಪ್ಪಲಿಲ್ಲ. "ಕಾಲಿಗೆ ಮಣೆ ಕೊಟ್ರೆ ಕೈಗೆ ಅಕ್ಷರ ಬರತ್ತಾ ಮೇಡಂ? ಇದೆಲ್ಲ ಕುಂಟುನೆಪ."

"ನೀವೇ ನೋಡಿ ಸರ್. ಎಡಗೈಯಲ್ಲಿ ಕುರ್ಚಿ ಹಿಡ್ಕೊಳ್ಳಿ. ಎರಡೂ ಕಾಲು ಎತ್ಕೊಳ್ಳಿ. ಈಗ ನಿಮ್ಮ ಹೆಸರು ಬರೀರಿ."

ಮಹದೇವಪ್ಪ ನಕ್ಕರು. ಆದರೂ ಒಳಗೊಳಗೆ ಅವರಿಗೂ ಕುತೂಹಲ. ಕಾಲೆತ್ತಿಕೊಂಡು, ಮೇಜಿನ ಗಾಜಿನ ಮೇಲಿದ್ದ ಬಿಳಿ ಹಾಳೆಗೆ ಪೆನ್ನು ಊರಿದರು. 'ಮ' ಬಂತು. 'ಹ' ಬರೆಯುವಾಗ ಹಾಳೆ ಪೆನ್ನಿನ ಹಿಂದೆಯೇ ಹೊರಟಿತು. ಉಳಿದದ್ದು ಹೇಗೋ ಇಳಿಜಾರಿನಲ್ಲಿ ಉರುಳಿ ಮುಗಿಯಿತು. ಬರೆದದ್ದನ್ನು ಎತ್ತಿ ಹಿಡಿದು ನೋಡಿದರು. ಆಮೇಲೆ, ಯಾಕೋ, ತಲೆಕೆಳಗು ಮಾಡಿ ನೋಡಿದರು.

ಮುದ್ದಿ ತುದಿಗಾಲಿನಲ್ಲಿ ನಿಂತು ಇಣುಕಿದಳು.

"ಸಾರ್, ನಾಳೆಯಿಂದ ನೀವೂ ನನ್ ತಮ್ಮನ ಪಕ್ಕ ಕೂರ್ಬೇಕಾ?"