ಬಾವಿ ಬತ್ತುವ ಲೆಕ್ಕ

ಪುಷ್ಯದ ಚಳಿ, ಬುಧವಾರ ಬೆಳಿಗ್ಗೆ ಏಳು ಗಂಟೆ. ಬಾವಿಕಟ್ಟೆಯ ಮೇಲೆ ಸೊಸೆಯ ಚಪ್ಪಲಿ ಸಿಕ್ಕಿತು. ತಳದ ತುಂಬ ಮುಳ್ಳುಕಂಪೆ ಬಿದ್ದಿತ್ತು, ಇಳಿಯಲು ಯಾರೂ ಒಪ್ಪಲಿಲ್ಲ. ಪಂಪು ತಂದಿಟ್ಟು ನೀರೆತ್ತಲು ಶುರುಮಾಡಿದರು.

ಮಗ ಕಟ್ಟೆಯ ಮೇಲೆ ಕೂತಿದ್ದ. ಹಿಂದಿನ ದಿನ ಅವಳನ್ನು ಹೊಡೆಯುವಾಗ ಬಳೆ ಒಡೆದು ಅವನ ಕೈ ಗೀರಿತ್ತು. ಆ ಗಾಯ ಇನ್ನೂ ಒಣಗಿರಲಿಲ್ಲ.

"ಎಷ್ಟು ಹೊತ್ತಾಗುತ್ತೆ ಮೇಷ್ಟ್ರೇ?" ಎಂದೆ.

ಶಾಲೆಯ ಮೇಷ್ಟ್ರು ಹಗ್ಗ ಇಳಿಬಿಟ್ಟು ನೋಡಿದರು. "ಹದಿನೆಂಟು ಅಡಿ ನೀರಿದೆ ಅಜ್ಜಿ. ಪಂಪು ಗಂಟೆಗೆ ಮೈನಸ್ ಮೂರಡಿ. ಒರತೆ ಪ್ಲಸ್ ಒಂದು. ಕೂಡಿದರೆ ಮೈನಸ್ ಎರಡು."

"ನನಗದೆಲ್ಲ ತಿಳಿಯಲ್ಲ. ಗಂಟೆ ಹೇಳಿ."

"ಒಂಬತ್ತು. ಸಂಜೆ ನಾಲ್ಕಕ್ಕೆ ತಳ ಕಾಣುತ್ತೆ."

"ಇನ್ನೊಂದು ಪಂಪು ತರ್ತೀನಿ," ಎಂದು ಮಗ ಎದ್ದ.

"ಆಗ ಮೈನಸ್ ಐದು. ನಾಲ್ಕು ಗಂಟೆಯೊಳಗೇ ಮುಗಿಯುತ್ತೆ."

"ಬೇಡ," ಎಂದೆ. "ಕೆಸರೆದ್ದು ಎರಡೂ ಕಟ್ಟಿಕೊಳ್ತವೆ. ಒಂದೇ ಇರಲಿ."

"ನಿನಗೆ ಅವಸರಾನೇ ಇಲ್ಲವಲ್ಲವ್ವ!"

"ಬಾವಿಗೆ ಬಿದ್ದವಳಿಗೆ ಇನ್ನೇನು ಅವಸರವೋ? ಕೂತ್ಕೋ."

ಕೂತ.

"ಈ ಚಳೀಲಿ ಬರಿಗಾಲಲ್ಲಿ ನಿಂತಿದ್ದೀರಲ್ಲ ಅಜ್ಜಿ," ಎಂದರು ಮೇಷ್ಟ್ರು.

"ಕಾಲಿಗೆ ಏನೂ ತಿಳೀತಿಲ್ಲ," ಎಂದೆ. ನಿಜ, ಅವತ್ತು ನನಗೆ ಯಾವುದೂ ತಿಳಿಯುತ್ತಿರಲಿಲ್ಲ. ನೀರು ಇಳಿಯುವುದನ್ನೇ ನೋಡುತ್ತಿದ್ದೆ.

ಮೇಷ್ಟ್ರ ಲೆಕ್ಕ ತಪ್ಪಲಿಲ್ಲ. ನಾಲ್ಕಕ್ಕೆ ತಳ ಕಂಡಿತು. ಮುಳ್ಳು, ಕೆಸರು, ಯಾವ ಕಾಲದ್ದೋ ಒಂದು ತಾಮ್ರದ ಕೊಡ.

ಸೊಸೆ ಹೊರಟದ್ದು ಅದೇ ಬುಧವಾರ, ನಸುಕಿನ ಮೊದಲ ಬಸ್ಸಿಗೆ, ನನ್ನ ಚಪ್ಪಲಿ ಮೆಟ್ಟಿಕೊಂಡು.