ಯಜಮಾನರ ಊಟ

"ಹುಡುಗನ ಹೆಸರೇನ್ರಿ?" ಎಂದು ಡಾಕ್ಟರ್ ಬಾಯಿ ಕೇಳಿದಾಗ ಅತ್ತೆ ಸೊಸೆ ಇಬ್ಬರೂ ನೆಲ ನೋಡಿದರು. ಗಂಡನ ಹೆಸರನ್ನು ಹೊನ್ನವ್ವ ಹೇಳುವಂತಿರಲಿಲ್ಲ, ಮಾವನ ಹೆಸರನ್ನು ಶಾರವ್ವ ಹೇಳುವಂತಿರಲಿಲ್ಲ. ತೀರಿಹೋದ ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಟ್ಟರೆ ಆಗುವ ಫಜೀತಿ ಇದು.

"ಕರಿಬಸಪ್ಪ," ಎಂದು ತೂಕದ ಯಂತ್ರದ ಮೇಲೆ ನಿಂತಿದ್ದ ಏಳು ವರ್ಷದವನೇ ಹೇಳಿದ. ದವಾಖಾನೆಯ ಕಟ್ಟೆ ಹತ್ತಿದ್ದಕ್ಕೇ ಅವನಿಗೆ ಏದುಸಿರು.

ಮಗನಿಗೆ ಕೆಮ್ಮು ಎಂದು ಸುಳ್ಳು ಹೇಳಿ ಶಾರವ್ವ ಅತ್ತೆಯನ್ನು ಹಂಸಭಾವಿಯ ದವಾಖಾನೆಗೆ ಕರೆತಂದಿದ್ದಳು. ಮೈ ದಪ್ಪವೆಂದು ಶಾಲೆಯಲ್ಲಿ ಹುಡುಗರು ಅವನನ್ನು ಗುಡಾಣ ಎನ್ನುತ್ತಿದ್ದರು, ಆಟಕ್ಕೆ ಸೇರಿಸುತ್ತಿರಲಿಲ್ಲ. ಮನೆಯಲ್ಲಿ ಈ ಮಾತೆತ್ತಿದರೆ ಹೊನ್ನವ್ವ, "ಹಡದಾಕಿನ ಕಣ್ಣ ಹಾಕ್ತೀಯೇನ?" ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆಮೇಲೆ ಕೆಮ್ಮುವ ಸರದಿ ಎಲ್ಲರದು. ಹೊರಗಿನವರು ಯಾರಾದರೂ ಹೇಳಬೇಕಿತ್ತು.

"ತೂಕ ಭಾಳ ಆಗೇತ್ರಿ. ಏನೇನ ತಿಂತಾನ?"

"ಕೇಳಿದ್ದು ಕೊಡ್ತೇನ್ರಿ. ಹೋಳಿಗಿ ಅಂದ್ರ ಹೋಳಿಗಿ, ತುಪ್ಪ ಅಂದ್ರ ತುಪ್ಪ. ಇವರಿಗೆ ನಾ ಇಲ್ಲ ಅನ್ನಾಕಿ ಅಲ್ಲ." ಗಂಡನ ಹೆಸರು ಹೊತ್ತವನಿಗೆ ಏಕವಚನ ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ.

"ಸಾಲಿಗೆ ನಡದು ಹೋಗ್ತಾನೇನು?"

"ಅಯ್ಯ, ಇವರ್ಯಾಕ ನಡೀತಾರ? ನಮ್ಮ ಅಂಗಡಿ ಗುಮಾಸ್ತ ಸೈಕಲ್ ಮ್ಯಾಲ ಬಿಟ್ಟು ಬರ್ತಾನ."

ಡಾಕ್ಟರ್ ಬಾಯಿ ಬೈಯಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇವನೊಬ್ಬಂಗ ಪಥ್ಯ ಮಾಡಿದ್ರ ಕದ್ದು ತಿಂತಾನ್ರಿ. ಮನಿ ಮಂದಿಯೆಲ್ಲ ಒಂದ ಊಟ ಮಾಡ್ರಿ. ರೊಟ್ಟಿ, ಪಲ್ಯ, ಮಜ್ಜಿಗಿ. ಸಿಹಿ ಹಬ್ಬಕ್ಕಿರಲಿ. ಸಾಲಿಗೆ ನಡೀಲಿ. ಸಾಕು ಅನ್ನೂದು ಮಾತ್ರ ನೀವ ಕಲೀಬೇಕು."

"ಅದೊಂದು ಆಗೂದಿಲ್ರಿ ಬಾಯಾರ. ನಮ್ಮ ಯಜಮಾನ್ರಿಗೆ ಒಂದಿನಾನೂ ಸಾಕು ಅಂದಿಲ್ಲ. ಅವರೂ ಹಿಂಗ ಮೈ ತುಂಬಿಕೊಂಡಿದ್ರು."

"ಅವರು ಏನಾಗಿ ತೀರಿಕೊಂಡ್ರು?"

ಹೊನ್ನವ್ವ ಮೊಮ್ಮಗನತ್ತ ನೋಡಿದಳು. "ಉಂಡು ಏಳಾಕತ್ತಿದ್ರು. ಎದಿ ಹಿಡಕೊಂಡ್ರು. ಅಷ್ಟ."

ಹುಡುಗ ಯಂತ್ರದ ಮೇಲೆ ಕುಪ್ಪಳಿಸಿ ಮುಳ್ಳು ಕುಣಿಸುತ್ತ ನಗುತ್ತಿದ್ದ. ಅತ್ತೆಯ ಮುಖ ನೋಡಲು ಶಾರವ್ವನಿಗೆ ಧೈರ್ಯವಾಗಲಿಲ್ಲ. ಮನೆ ಮುಟ್ಟುವವರೆಗೂ ಹೊನ್ನವ್ವ ಮೊಮ್ಮಗನ ಕೈ ಬಿಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಹುಡುಗ ಎಂದಿನಂತೆ ಚಕ್ಕಳಮಕ್ಕಳ ಹಾಕಿ ಉಂಡ. ತಾಟು ಮುಂದಕ್ಕೆ ತಳ್ಳಿ, "ಅಜ್ಜಿ, ಇನ್ನೊಂದು ಹೋಳಿಗಿ. ತುಪ್ಪ ಜಾಸ್ತಿ," ಎಂದ.

ಹೊನ್ನವ್ವನ ಕೈ ತಾನಾಗಿಯೇ ಬುಟ್ಟಿಗೆ ಹೋಯಿತು. ಅಲ್ಲೇ ನಿಂತಿತು. ಶಾರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುದುಕಿ ಬುಟ್ಟಿಯ ಮೇಲೆ ಅರಿವೆ ಮುಚ್ಚಿ, ತಲೆಯ ತುಂಬ ಸೆರಗು ಎಳೆದುಕೊಂಡು, ಮೊಮ್ಮಗನ ಮುಂದೆ ಕೈ ಜೋಡಿಸಿ ಕುಳಿತಳು.

"ಸಾಕ್ರಿ, ಏಳ್ರಿ," ಎಂದಳು. "ಈ ಸಲನಾರ ನನ್ನ ಬಿಟ್ಟು ಹೋಗಬ್ಯಾಡ್ರಿ."