ಒಂದು ತಿಂಗಳ ನಿದ್ದೆ

ಶಿಗ್ಗಾವಿ ದಾಟಿ ಸಿಕ್ಕ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಶಶಿರೇಖಾ ಕಾರು ನಿಲ್ಲಿಸಿದಾಗ ಬಿಸಿಲು ಸುಡುತ್ತಿತ್ತು. ಮಲಗಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಕೆಳಗಿಳಿದಳು.

“ಕಾರ್ಡ್ ಇಲ್ರೀ,” ಎಂದಳು.

“ಹಂಗಾದ್ರ ನಿದ್ದಿ ಕೊಡ್ರಿ ಅಕ್ಕಾರ. ಫುಲ್ ಚಾರ್ಜಿಗೆ ಒಂದ್ ತಿಂಗಳ ನಿದ್ದಿ. ಆ ಪ್ಲೇಟ್ ಮ್ಯಾಲೆ ಕೈ ಇಡ್ರಿ,” ಎಂದ ಸ್ಟೇಷನ್ನಿನ ಫಕ್ಕೀರಪ್ಪ, ತನ್ನ ಕೆಂಪು ಕಣ್ಣುಗಳನ್ನು ಉಜ್ಜಿಕೊಳ್ಳುತ್ತಾ.

ಎಲ್ಲರಂತೆ ಅವಳೂ ಯಂತ್ರದ ಪ್ಲೇಟಿನತ್ತ ಬಗ್ಗಿದಳು. ಹೆಗಲಿನಿಂದ ಜೋತುಬಿದ್ದಿದ್ದ ಕೂಸಿನ ಕೈ ಅವಳ ಕೈಗಿಂತ ಮೊದಲು ಪ್ಲೇಟಿಗೆ ತಾಗಿತು. ಯಂತ್ರದ ಹಸಿರು ದೀಪ ಹತ್ತಿತು. ಕೂಸು ಥಟ್ಟನೆ ಕಣ್ಣು ಬಿಟ್ಟಿತು.

“ಅಯ್ಯೋ, ವಾಪಸ್ ಮಾಡ್ರಿ ಅಣ್ಣಾರ! ನಂದು ತಗೊಳ್ರಿ!” ಅವಳು ಪ್ಲೇಟಿಗೆ ಅಂಗೈ ಒತ್ತಿ ಹಿಡಿದಳು.

“ಅದು ಬರೇ ತಗೋತದ್ರಿ. ತಿರುಗಿ ಕೊಡಂಗಿಲ್ಲ.”

ಕೂಸನ್ನು ತಟ್ಟುತ್ತಾ ಅವಳು ಅಲ್ಲೇ ಜೋಗುಳ ಶುರುಮಾಡಿದಳು. ಕೂಸು ರೆಪ್ಪೆ ಬಡಿಯದೆ ಅವಳ ಮುಖವನ್ನೇ ನೋಡುತ್ತಿತ್ತು.